ಮಡಚುವ ಸೈಕಲ್ ಮತ್ತು ರೈಲು: ಲಂಡನ್ನಿಗೆ ದಿನಾ ಓಡಾಡುವ ಕನ್ನಡಿಗರಿಗೆ

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಮನೆ ಮಾಡಿಕೊಂಡು ಲಂಡನ್ನಿಗೆ ಕೆಲಸಕ್ಕೆ ಹೋಗುವವರ ಹೊತ್ತನ್ನು ನುಂಗುವುದು ರೈಲಲ್ಲ, ರೈಲಿನ ಎರಡು ತುದಿಗಳು. ರೆಡಿಂಗಿನಿಂದ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ವೇಗದ ರೈಲು ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ಬೆಳಿಗ್ಗೆ ಸ್ಟೇಷನ್ನಿಗೆ ಹೋಗಲು ಬಸ್ಸು ಕಾಯುವುದು, ಆ ಕಡೆ ಇಳಿದ ಮೇಲೆ ಟ್ಯೂಬಿನ (ಲಂಡನ್ನಿನ ನೆಲದಡಿಯ ರೈಲಿನ) ನೂಕುನುಗ್ಗಲು, ಇವೆರಡೂ ಸೇರಿದರೆ ಅದಕ್ಕಿಂತ ಹೆಚ್ಚು. ಮಡಚುವ ಸೈಕಲ್ ಈ ಎರಡು ತುದಿಗಳಿಗೆ ಮದ್ದು. ಸ್ಟೇಷನ್ ಪಕ್ಕದ ದುಬಾರಿ ಬಾಡಿಗೆ ಬಿಟ್ಟು ಮೂರು ನಾಲ್ಕು ಕಿಲೋಮೀಟರ್ ಆಚೆ ಮನೆ ಹಿಡಿಯಬಹುದು, ಸ್ಟೇಷನ್ನಿನ ಕಾರ್ ಪಾರ್ಕಿಂಗ್ ದುಡ್ಡೂ ಉಳಿಯುತ್ತದೆ.

ಮೊದಲು ನಿಯಮ. ಪೂರ್ತಿ ಮಡಚಿದ, 20 ಇಂಚಿನವರೆಗಿನ ಚಕ್ರದ ಸೈಕಲ್ಲನ್ನು ಬ್ರಿಟನ್ನಿನ ರೈಲುಗಳು ಕೈಸಾಮಾನಿನ ಲೆಕ್ಕಕ್ಕೆ ಸೇರಿಸುತ್ತವೆ. ಟಿಕೆಟ್ ಬೇಡ, ಜಾಗ ಕಾದಿರಿಸುವುದು ಬೇಡ, ಹೊತ್ತಿನ ಕಟ್ಟುಪಾಡೂ ಇಲ್ಲ. ಮಾಮೂಲಿ ಸೈಕಲ್ಲಿಗೆ ಹಾಗಲ್ಲ: ಬೆಳಿಗ್ಗೆ ಲಂಡನ್ ಕಡೆಗೆ ಬರುವ, ಸಂಜೆ ಲಂಡನ್ ಬಿಡುವ ದಟ್ಟಣೆಯ ರೈಲುಗಳಿಗೆ ಸಾಮಾನ್ಯವಾಗಿ ಹತ್ತಿಸುವುದೇ ಇಲ್ಲ. ಟ್ಯೂಬಿನಲ್ಲಿ ಮಡಚಿದ ಸೈಕಲ್ಲನ್ನು ಯಾವ ಹೊತ್ತಿನಲ್ಲೂ ಪುಕ್ಕಟೆಯಾಗಿ ಒಯ್ಯಬಹುದು, ಬಸ್ಸಿನಲ್ಲಿ ಮಾತ್ರ ಡ್ರೈವರ್ ಒಪ್ಪಬೇಕು. ಬ್ಯಾಟರಿ ಸೈಕಲ್ ಕೊಳ್ಳುವವರು ಗಮನಿಸಿ: ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ, 2025ರ ಮಾರ್ಚ್ 31ರಿಂದ ಟ್ಯೂಬ್, ಓವರ್‌ಗ್ರೌಂಡ್, ಎಲಿಜಬೆತ್ ಲೈನುಗಳಲ್ಲಿ ಮಡಚಲಾಗದ ಬ್ಯಾಟರಿ ಸೈಕಲ್ಲಿಗೆ ನಿಷೇಧ ಬಂದಿದೆ. ಮಡಚುವ ಬ್ಯಾಟರಿ ಸೈಕಲ್ಲಿಗೆ ಅವಕಾಶ ಉಳಿದಿದೆ. ಹಳೆಯ ಸೈಕಲ್ಲಿಗೆ ಆನ್‌ಲೈನಿನಲ್ಲಿ ತರಿಸಿದ ಮೋಟಾರ್ ಕಿಟ್ ಜೋಡಿಸುವ ಆಲೋಚನೆಯನ್ನು ಇಲ್ಲಿಗೇ ಕೈಬಿಡಿ.

ಯಾವುದನ್ನು ಕೊಳ್ಳಬೇಕು? ಚಕ್ರದ ಅಳತೆಗಿಂತ ಮಡಚಿದ ಮೇಲಿನ ಅಳತೆ ಮುಖ್ಯ. ಪಶ್ಚಿಮ ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ತಯಾರಾಗುವ ಬ್ರಾಂಪ್ಟನ್ನಿನ ಸಾಮಾನ್ಯ ಮಾದರಿಗಳಿಗೆ 16 ಇಂಚಿನ ಚಕ್ರ. ಮಡಚಿದಾಗ ಎತ್ತರ, ಉದ್ದ ಎರಡೂ ಹೆಚ್ಚುಕಡಿಮೆ 60 ಸೆಂಟಿಮೀಟರ್, ದಪ್ಪ 27. ಉಕ್ಕಿನ ಸಾಮಾನ್ಯ ಮಾದರಿ 11ರಿಂದ 12 ಕಿಲೋ ತೂಗುತ್ತದೆ. ಟರ್ನ್, ಡಾಹೋನ್, ಡೆಕಾತ್ಲಾನ್‌ಗಳ 20 ಇಂಚಿನವು ಅಗ್ಗ, ರಸ್ತೆಯಲ್ಲಿ ಓಟವೂ ಹೆಚ್ಚು ಸಲೀಸು. ಆದರೆ ಮಡಚಿದ ಮೇಲೂ ಗಾತ್ರ ದೊಡ್ಡದೇ, ಸೀಟಿನ ಸಂದಿಗೆ ಹೋಗುವುದಿಲ್ಲ. ಬೆಳಿಗ್ಗೆ ಎಂಟರ ರೈಲಿನಲ್ಲಿ ನಿಂತೇ ಹೋಗಬೇಕಾದವರಿಗೆ ಈ ಅಂತರ ದಿನಾ ಕಾಡುತ್ತದೆ. ನಮ್ಮ ಸಲಹೆ ಸರಳ: ಹತ್ತುವ ಸ್ಟೇಷನ್ನಿನಲ್ಲಿ ರೈಲು ಖಾಲಿ ಇದ್ದರೆ 20 ಇಂಚಿನದು ಸಾಕು, ಇಲ್ಲದಿದ್ದರೆ ಬ್ರಾಂಪ್ಟನ್. ಗೇರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಲಂಡನ್ನಿನ ಒಳಗೆ ಮೂರು ಗೇರ್ ಧಾರಾಳ, ಮನೆ ಗುಡ್ಡದ ಮೇಲಿದ್ದರೆ ಆರು ತೆಗೆದುಕೊಳ್ಳಿ. ಕಾಲಿನ ಒಳ ಅಳತೆ 33 ಇಂಚು ದಾಟಿದವರು ಉದ್ದನೆಯ ಸೀಟಿನ ಕಂಬ ಕೇಳಿ ಪಡೆಯಬೇಕು. ಗಿಡ್ಡ ಕಂಬದ ಮೇಲೆ ಆರು ತಿಂಗಳು ತುಳಿದರೆ ಮೊಣಕಾಲು ನೋಯಲು ಶುರುವಾಗುತ್ತದೆ.

ಹೊಸ ಬ್ರಾಂಪ್ಟನ್ನಿಗೆ ಸಾಮಾನ್ಯವಾಗಿ ಸಾವಿರ ಪೌಂಡಿನ ಮೇಲೆಯೇ ಬೆಲೆ. ಅಂಗಡಿಗೆ ಹೋಗುವ ಮೊದಲು ಆಫೀಸಿನ ಎಚ್‌ಆರ್‌ನವರನ್ನು ‘ಸೈಕಲ್ ಟು ವರ್ಕ್’ ಯೋಜನೆ ಇದೆಯೇ ಎಂದು ಕೇಳಿ. ಕಂಪನಿ ಸೈಕಲ್ ಕೊಂಡು ನಿಮಗೆ ಬಾಡಿಗೆಗೆ ಕೊಡುತ್ತದೆ, ಬಾಡಿಗೆಯನ್ನು ತೆರಿಗೆ ಕಳೆಯುವ ಮುಂಚಿನ ಸಂಬಳದಿಂದ ಸಾಮಾನ್ಯವಾಗಿ 12 ತಿಂಗಳು ಹಿಡಿಯುತ್ತದೆ. ಇಂಗ್ಲೆಂಡಿನ ದರದಲ್ಲಿ ಲೆಕ್ಕ ಹೀಗೆ: ಸೈಕಲ್ಲಿಗೆ 1,500 ಪೌಂಡ್ ಆದರೆ ತಿಂಗಳಿಗೆ 125 ಕಡಿತ. 20 ಶೇಕಡಾ ತೆರಿಗೆ, 8 ಶೇಕಡಾ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಹಿಡಿಯುವ ಸಾಮಾಜಿಕ ಭದ್ರತೆಯ ವಂತಿಗೆ) ಕೊಡುವವರ ಕೈಸಂಬಳದಲ್ಲಿ ಕಡಿಮೆಯಾಗುವುದು 90 ಮಾತ್ರ, ವರ್ಷಕ್ಕೆ 1,080. 40 ಶೇಕಡಾ ತೆರಿಗೆಯವರಿಗೆ ನ್ಯಾಷನಲ್ ಇನ್ಶೂರೆನ್ಸ್ 2 ಶೇಕಡಾ, ಹಾಗಾಗಿ ವರ್ಷಕ್ಕೆ 870. ಬಾಡಿಗೆ ಮುಗಿದ ಮಾತ್ರಕ್ಕೆ ಸೈಕಲ್ ನಿಮ್ಮದಾಗುವುದಿಲ್ಲ, ಇಲ್ಲೇ ಹಲವರು ಎಡವುವುದು. ಒಂದು ವರ್ಷದ ಕೊನೆಗೆ ಕೊಂಡರೆ 500 ಪೌಂಡ್ ಮೇಲಿನ ಸೈಕಲ್ಲಿಗೆ ತೆರಿಗೆ ಇಲಾಖೆ ಇಟ್ಟಿರುವ ಮೌಲ್ಯ ಮೂಲ ಬೆಲೆಯ 25 ಶೇಕಡಾ. ನಾಲ್ಕು ವರ್ಷವಾದರೆ 7 ಶೇಕಡಾ. ಆದ್ದರಿಂದ ಬಳಕೆಯ ಅವಧಿಯನ್ನು ಇನ್ನೂ ಮೂರು ವರ್ಷ ವಿಸ್ತರಿಸುವ ಒಪ್ಪಂದವನ್ನೇ ಆರಿಸಿ. ದೀಪ, ಬೀಗ, ಹೆಲ್ಮೆಟ್ಟುಗಳನ್ನೂ ಇದೇ ಬಿಲ್ಲಿಗೆ ಸೇರಿಸಬಹುದು.

ಎರಡು ಎಚ್ಚರಿಕೆ. ನಡುವೆ ಕೆಲಸ ಬಿಟ್ಟರೆ ಉಳಿದ ಬಾಡಿಗೆಯನ್ನು ಕೊನೆಯ ಸಂಬಳದಲ್ಲಿ, ತೆರಿಗೆ ಕಳೆದ ಮೇಲಿನ ಮೊತ್ತದಿಂದ ಒಟ್ಟಿಗೆ ಹಿಡಿಯುತ್ತಾರೆ. ಇನ್ನು ವರ್ಕ್ ವೀಸಾದಲ್ಲಿರುವವರ ಸಂಬಳ ವೀಸಾದ ಕನಿಷ್ಠ ಮಿತಿಯ ಅಂಚಿನಲ್ಲಿದ್ದರೆ, ಸಹಿ ಹಾಕುವ ಮುಂಚೆ ಎಚ್‌ಆರ್‌ನಿಂದ ಲಿಖಿತ ಉತ್ತರ ಪಡೆಯಿರಿ. ಈ ಯೋಜನೆಯಲ್ಲಿ ಪೇಸ್ಲಿಪ್ಪಿನ ಒಟ್ಟು ಸಂಬಳವೇ ಇಳಿಯುತ್ತದೆ.

ಟಿಕೆಟ್ಟಿನಲ್ಲೂ ಉಳಿತಾಯವಿದೆ. ‘ಲಂಡನ್ ಟರ್ಮಿನಲ್ಸ್’ ಎಂದು ಬರೆದ ಸೀಸನ್ ಟಿಕೆಟ್ (ವಾರಕ್ಕೋ ವರ್ಷಕ್ಕೋ ಒಟ್ಟಿಗೆ ಕೊಳ್ಳುವ ಪಾಸು) ಲಂಡನ್ನಿನ ರೈಲು ನಿಲ್ದಾಣದವರೆಗೆ ಮಾತ್ರ, ‘ಟ್ರಾವೆಲ್‌ಕಾರ್ಡ್’ ಸೇರಿದ್ದಕ್ಕೆ ಟ್ಯೂಬ್ ಮತ್ತು ಬಸ್ಸೂ ಸೇರುತ್ತವೆ. ಸೈಕಲ್ ಇದ್ದವರಿಗೆ ಎರಡನೆಯದು ಬೇಡವೇ ಬೇಡ. ಮಳೆ ಹೊಯ್ದ ದಿನ ಟ್ಯೂಬಿಗೆ ಬ್ಯಾಂಕ್ ಕಾರ್ಡ್ ತಟ್ಟಿದರಾಯಿತು. ವಾರ್ಷಿಕ ಟಿಕೆಟ್ಟಿನ ಬೆಲೆ ವಾರದ ಟಿಕೆಟ್ಟಿನ 40 ಪಟ್ಟು, ಅಂದರೆ 12 ವಾರ ಬಿಟ್ಟಿ. ಆದರೆ ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರು ಅದನ್ನು ಕೊಳ್ಳುವುದು ದಂಡ. ಅಂಥವರಿಗೆಂದೇ 2021ರಲ್ಲಿ ಬಂದದ್ದು ಫ್ಲೆಕ್ಸಿ ಸೀಸನ್: 28 ದಿನಗಳಲ್ಲಿ ಯಾವುದಾದರೂ 8 ದಿನ. ಹೋಗುವ ದಿನ ಬೆಳಿಗ್ಗೆ ಪಾಸನ್ನು ಸಕ್ರಿಯಗೊಳಿಸಲು ಮರೆತರೆ ಟಿಕೆಟ್ ಇದ್ದೂ ಇಲ್ಲದಂತೆ. ರೈಲು 15 ನಿಮಿಷ ತಡವಾದರೂ ಹೆಚ್ಚಿನ ಕಂಪನಿಗಳು ‘ಡಿಲೇ ರಿಪೇ’ಯಲ್ಲಿ ಒಂದು ಕಡೆಯ ದರದ ಕಾಲು ಭಾಗ, 30 ನಿಮಿಷಕ್ಕೆ ಅರ್ಧ ಹಿಂತಿರುಗಿಸುತ್ತವೆ. 28 ದಿನದೊಳಗೆ ಅರ್ಜಿ ಹಾಕಬೇಕು. ಸೀಸನ್ ಟಿಕೆಟ್ಟಿಗೂ ಇದು ಅನ್ವಯಿಸುತ್ತದೆ, ಸಂಕೋಚ ಬೇಡ.

ಇನ್ನು ಮಡಚುವ ಕ್ರಮ, ಬ್ರಾಂಪ್ಟನ್ನಿನದು. ಮೊದಲು ಮುಂದಿನ ಬ್ಯಾಗ್ ಕಳಚಿ. ಹಿಂಚಕ್ರವನ್ನು ಚೌಕಟ್ಟಿನ ಕೆಳಗೆ ಬೀಸಿ ಕೂರಿಸಿ. ನಡುವಿನ ಹಿಡಿಕೆ ಸಡಿಲಿಸಿ ಮುಂಚಕ್ರವನ್ನು ಹಿಂದಕ್ಕೆ ತಂದು ಕೊಕ್ಕೆಗೆ ಸಿಕ್ಕಿಸಿ. ಹ್ಯಾಂಡಲ್ ಇಳಿಸಿ, ಕೊನೆಗೆ ಸೀಟು, ಎಡ ಪೆಡಲ್. ಚೈನು ಒಳಗೆ ಸೇರಿಕೊಳ್ಳುವುದರಿಂದ ಪ್ಯಾಂಟಿಗೆ ಎಣ್ಣೆ ಹತ್ತುವುದಿಲ್ಲ. ಮುಂಚಕ್ರ ಪೂರ್ತಿ ಒಳಕ್ಕೆ ಬರಲಿಲ್ಲವೆಂದರೆ ಬಹುಪಾಲು ಬಲ ಪೆಡಲ್ ಅಡ್ಡ ನಿಂತಿರುತ್ತದೆ, ಕ್ರ್ಯಾಂಕನ್ನು (ಪೆಡಲ್ ಕೂತ ತೋಳನ್ನು) ಹಿಮ್ಮುಖವಾಗಿ ತಿರುಗಿಸಿ. ಒತ್ತಿ ಮುಚ್ಚಬೇಡಿ, ನಡುವೆ ಸಿಕ್ಕಿದ ಬ್ರೇಕ್ ಕೇಬಲ್ ಮುರಿಯುತ್ತದೆ. ಹೊಸಬರು ಸೀಟು ಇಳಿಸುವುದನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಸೀಟು ಪೂರ್ತಿ ಇಳಿದರೆ ಎರಡು ಕೆಲಸ ಆಗುತ್ತದೆ: ಎತ್ತಿದಾಗ ಹಿಂಚಕ್ರ ಬಿಚ್ಚಿಕೊಳ್ಳುವುದಿಲ್ಲ, ಕಂಬದ ತುದಿಯ ರಬ್ಬರ್ ನೆಲ ಮುಟ್ಟಿ ಬ್ರೇಕಿನಂತೆ ಹಿಡಿಯುತ್ತದೆ. ಸೀಟು ಮೇಲಿದ್ದರೆ ಚಿಕ್ಕ ಗಾಲಿಗಳ ಮೇಲೆ ತಳ್ಳಿಕೊಂಡು ಹೋಗಲು ಚೆನ್ನ, ಆದರೆ ಹಾಗೇ ರೈಲಿನಲ್ಲಿಟ್ಟರೆ ರೈಲು ಬ್ರೇಕ್ ಹಾಕಿದಾಗ ಸೈಕಲ್ ಉರುಳಿ ಯಾರದೋ ಕಾಲಿಗೆ ಬಡಿಯುತ್ತದೆ.

ಮಡಚುವ ಕೆಲಸ ಟಿಕೆಟ್ ಗೇಟಿನ ಹೊರಗೇ ಮುಗಿಯಲಿ. ಒಳಗೆ ಹೋಗಲು ಅಗಲ ಗೇಟು ಬಳಸಿ. ರೈಲಿನಲ್ಲಿ ಬೆನ್ನಿಗೆ ಬೆನ್ನು ಹಾಕಿದ ಸೀಟುಗಳ ನಡುವಿನ ಸಂದಿ ಒಳ್ಳೆಯ ಜಾಗ, ಅದು ತುಂಬಿದ್ದರೆ ಬ್ಯಾಗಿನ ಕಪಾಟಿನ ಕೆಳ ಅಂತಸ್ತು. ಗಾಲಿಕುರ್ಚಿಗೆಂದು ಬಿಟ್ಟ ಜಾಗ ಖಾಲಿ ಕಂಡರೂ ಅಲ್ಲಿಡಬೇಡಿ. ಬಾಗಿಲ ಬಳಿ ಇಡಲೇಬೇಕಾದರೆ ಮುಂದಿನ ಸ್ಟೇಷನ್ನಿನಲ್ಲಿ ಯಾವ ಬದಿ ತೆರೆಯುತ್ತದೆ ಎಂದು ತಿಳಿದಿರಬೇಕು, ಒಂದು ವಾರದಲ್ಲಿ ಅದು ತಾನಾಗಿ ಬಾಯಿಪಾಠ ಆಗುತ್ತದೆ.

ಲಂಡನ್ನಿನಲ್ಲಿ ಇಳಿದ ಮೇಲೆ ದೊಡ್ಡ ರಸ್ತೆಗೆ ಬೀಳಬೇಡಿ. ಪ್ಯಾಡಿಂಗ್ಟನ್ನಿನಿಂದ ಲ್ಯಾಂಕಾಸ್ಟರ್ ಗೇಟಿಗೆ ಬಂದರೆ ಅಲ್ಲಿಂದ ಸೈಕಲ್‌ವೇ 3 ಹೈಡ್ ಪಾರ್ಕ್, ಪಾರ್ಲಿಮೆಂಟ್ ಚೌಕ, ಥೇಮ್ಸ್ ದಂಡೆ ಹಿಡಿದು ಟವರ್ ಹಿಲ್‌ವರೆಗೆ ಹೋಗುತ್ತದೆ. ಬಹಳ ದೂರ ಕಾರುಗಳಿಂದ ಬೇರ್ಪಟ್ಟ ಹಾದಿ. ಕಿಂಗ್ಸ್ ಕ್ರಾಸಿನಿಂದ ದಕ್ಷಿಣಕ್ಕೆ, ಬ್ಲ್ಯಾಕ್‌ಫ್ರಯರ್ಸ್ ಸೇತುವೆ ದಾಟಿ ಎಲಿಫೆಂಟ್ ಅಂಡ್ ಕ್ಯಾಸಲ್‌ವರೆಗೆ ಸೈಕಲ್‌ವೇ 6. ವಾಕ್ಸಾಲಿನಲ್ಲಿ ಇಳಿಯುವವರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಹಿಡಿದರೆ ನದಿಯಂಚಿನಲ್ಲಿ ಬಸವಣ್ಣನವರ ಪ್ರತಿಮೆ ಸಿಗುತ್ತದೆ, 2015ರಲ್ಲಿ ನಿಲ್ಲಿಸಿದ್ದು. ಮನೆಯ ಕಡೆ ಮಿಲ್ಟನ್ ಕೀನ್ಸ್‌ನವರು ಪುಣ್ಯವಂತರು: ವೇಗದ ಗ್ರಿಡ್ ರಸ್ತೆಗಳನ್ನು ಬಿಟ್ಟು ಕೆಂಪು ಡಾಂಬರಿನ ‘ರೆಡ್‌ವೇ’ಗಳಲ್ಲೇ ಸ್ಟೇಷನ್ ಮುಟ್ಟಬಹುದು.

ಲೈಸೆನ್ಸ್, ನೋಂದಣಿ ಬೇಡ, ಹೆಲ್ಮೆಟ್ ಕಡ್ಡಾಯವಲ್ಲ. ಆದರೆ ಕತ್ತಲಾದ ಮೇಲೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕ, ಪೆಡಲಿಗೆ ಹಳದಿ ಪ್ರತಿಫಲಕ ಕಾನೂನಿನ ಅಗತ್ಯ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುವುದರಿಂದ ದೀಪ ದಿನಾ ಬೇಕು. ಫುಟ್‌ಪಾತಿನ ಮೇಲೆ ತುಳಿದರೂ ಕೆಂಪು ಸಿಗ್ನಲ್ ಹಾರಿದರೂ 50 ಪೌಂಡ್ ದಂಡ.

ಹೊರಗೆ ಬೀಗ ಹಾಕಿ ಬಿಡಬೇಡಿ, ಮಡಚಿ ಮೇಜಿನ ಕೆಳಗಿಡಿ. ಚೌಕಟ್ಟಿನ ಸಂಖ್ಯೆಯನ್ನು ಪೊಲೀಸರು ಬಳಸುವ ‘ಬೈಕ್‌ರಿಜಿಸ್ಟರ್’ನಲ್ಲಿ ದಾಖಲಿಸಿ.

ನಿರ್ವಹಣೆಯಲ್ಲಿ ಗಾಳಿಗೇ ಮೊದಲ ಸ್ಥಾನ. ಚಿಕ್ಕ ಟೈರಿನಲ್ಲಿ ಗಾಳಿಯ ಪ್ರಮಾಣ ಕಡಿಮೆ, ಬೇಗ ಇಳಿಯುತ್ತದೆ. ಇಳಿದರೆ ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ಚಿವುಟಿ ಪಂಕ್ಚರ್. ಮಾಪಕವಿರುವ ನಿಂತು ಒತ್ತುವ ಪಂಪಿನಿಂದ ವಾರಕ್ಕೊಮ್ಮೆ, ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೆ ತುಂಬಿ. ಹಿಂದಿನ ಚಕ್ರ ಪಂಕ್ಚರ್ ಆದರೆ ಗಾಬರಿ ಬೇಡ. ಬ್ರಾಂಪ್ಟನ್ನಿನ ಚಕ್ರ ಬಿಚ್ಚಲು 15 ಮಿಲಿಮೀಟರ್ ಸ್ಪ್ಯಾನರ್ ಬೇಕು, ಗೇರಿನ ಸಣ್ಣ ಸರಪಳಿ, ಚೈನ್ ಬಿಗಿಯುವ ಭಾಗ ಎಲ್ಲವನ್ನೂ ಕಳಚಬೇಕು. ಅದರ ಬದಲು ಚಕ್ರ ಹಾಗೇ ಇರಲಿ, ತೂತಿರುವ ಕಡೆ ಮಾತ್ರ ಟೈರು ಬಿಡಿಸಿ ಟ್ಯೂಬ್ ಎಳೆದು ಪ್ಯಾಚ್ ಹಾಕಿ. ಅದೂ ಆಗದಿದ್ದರೆ ಮಡಚಿಕೊಂಡು ಟ್ಯಾಕ್ಸಿ ಹತ್ತಿ. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಚೈನನ್ನು ತಿನ್ನುತ್ತದೆ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡಿ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಬ್ರೇಕ್ ರಬ್ಬರ್, ರಿಮ್ ಎರಡೂ ಬೇಗ ಸವೆಯುತ್ತವೆ. ಬ್ರೇಕ್ ಉಜ್ಜುವ ರಿಮ್ಮಿನ ಬದಿ ಒಳಕ್ಕೆ ತಗ್ಗಾಗಿದ್ದರೆ ರಬ್ಬರ್ ಬದಲಿಸಿ ಸುಮ್ಮನಾಗಬೇಡಿ, ಚಕ್ರವನ್ನೇ ಬದಲಿಸಿ.