ಖಣದ ಚೀಲಕ್ಕೆ ಹಿಡಿ ಹೊಲಿಯುವ ಬಗೆ

ಮೇಳಗಳಲ್ಲಿ ಮಾರುವುದಕ್ಕೆಂದು ನಮ್ಮ ಹುಡುಗಿಯರು ಹೊಲಿದ ಖಣದ ಚೀಲ ಕೈಗೆ ಬಂದಾಗಲೆಲ್ಲ ನಾನು ಮೊದಲು ಅದರ ಹಿಡಿಯನ್ನು ಜಗ್ಗಿ ನೋಡುತ್ತೇನೆ. ಗೊಂಡೆ, ಗುಂಡಿ, ಕನ್ನಡಿ ಚೂರು ಎಲ್ಲಕ್ಕೂ ಪುರುಸೊತ್ತಿರುವವರಿಗೆ ಹಿಡಿಗೆ ಮಾತ್ರ ಒಂದೇ ಸಾಲು ಹೊಲಿಗೆ ಸಾಕೆನಿಸುತ್ತದಲ್ಲ, ಅದು ನನಗೆ ಸಹಿಸದು.

ಪ್ಯಾಟರ್ನ್ ಇಟ್ಟು ಕತ್ತರಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅಸ್ತರಿನ ಬಟ್ಟೆಯನ್ನು ಹಿಂದಿನ ರಾತ್ರಿಯೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಟ್ಟಿರಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಚೀಲವೆಲ್ಲ ಮುದುರುತ್ತದೆ. ಅದೇ ಬಕೆಟ್ಟಿಗೆ ಬಿಳಿ ಪಂಚೆಯನ್ನೂ ತುರುಕುವ ಸೋಮಾರಿತನ ಬೇಡ, ನಮ್ಮ ಮನೆಯಲ್ಲಿ ಗುಲಾಬಿ ಪಂಚೆ ಉಟ್ಟು ಪೂಜೆಗೆ ಕುಳಿತವರಿದ್ದಾರೆ. ಗುಳೇದಗುಡ್ಡದ ಖಣಕ್ಕೆ ಅಸ್ತರೇ ಬೇಡವೆನ್ನುವವರು ಅದರ ಹಿಂಬದಿಯನ್ನು ಒಮ್ಮೆ ತಿರುವಿ ನೋಡಲಿ. ಅಲ್ಲಿ ಬಿಡಿಯಾಗಿ ಹಾಯ್ದಿರುವ ಎಳೆಗೆ ಬೀಗದ ಕೈ ಸಿಕ್ಕಿಕೊಂಡರೆ ಮುಂದಿನ ಹೂವೇ ಕೆಡುತ್ತದೆ.

ಹಿಡಿಯ ಪಟ್ಟಿಯನ್ನು ಬಟ್ಟೆಯ ಅಂಚಿನ ಗುಂಟ, ಹಾಸಿನ ಎಳೆಯ ಮೇಲೆಯೇ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ್ದು ಭಾರ ಬಿದ್ದೊಡನೆ ಜೋಲುತ್ತದೆ. ನಾಲ್ಕು ಮಡಿಕೆ ಮಾಡಿದ ಮೇಲೆ ಎರಡು ಬೆರಳಿನಷ್ಟು ಅಗಲ ಉಳಿಯಲಿ. ತುದಿಯನ್ನು ಬಾಯಂಚಿನ ಸಂದಿಗೆ ಸಿಕ್ಕಿಸಿ ಕೈತೊಳೆದುಕೊಳ್ಳದೆ, ಅಸ್ತರು ಕೂರಿಸುವ ಮೊದಲೇ ಅದನ್ನು ನಾಲ್ಕು ಬೆರಳು ಕೆಳಗಿಳಿಸಿ, ಒಳಬದಿಗೆ ಬೆಂಕಿಪೊಟ್ಟಣದಷ್ಟು ಕ್ಯಾನ್ವಾಸ್ ತುಂಡು ಕೊಟ್ಟು, 16ನೇ ನಂಬರಿನ ಸೂಜಿಯಿಂದ ಚೌಕವಾಗಿ ಹೊಲಿಯಬೇಕು. ಕೆಳಗಿನ ಎಡಮೂಲೆಯಲ್ಲಿ ಆರಂಭಿಸಿ, ಚೌಕ ಸುತ್ತಿ ಅಲ್ಲಿಗೇ ಬಂದು, ಅಲ್ಲಿಂದ ಓರೆಯಾಗಿ ಮೇಲಿನ ಬಲಮೂಲೆಗೆ ಹೋಗಿ, ಮೇಲಿನ ಸಾಲಿನ ಮೇಲೆಯೇ ಎಡಕ್ಕೆ ಸಾಗಿ, ಮತ್ತೆ ಓರೆಯಾಗಿ ಕೆಳಗಿನ ಬಲಮೂಲೆಗೆ ಇಳಿಯಬೇಕು. ದಾರ ಎಲ್ಲಿಯೂ ಕತ್ತರಿಸುವಂತಿಲ್ಲ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದ ಎತ್ತಿ, ಬಟ್ಟೆ ತಿರುಗಿಸಬೇಕು. ಹೀಗೆ ಮಾಡಿದರೆ ಎಳೆತ ಮೊದಲು ತಾಗುವ ಮೇಲಿನ ಸಾಲಿಗೇ ಎರಡು ಹೊಲಿಗೆ ಬೀಳುತ್ತವೆ. ಮೇಲಿನ ಮೂಲೆಯಿಂದ ಹೊರಟವರಿಗೆ ಆ ಜೋಡಿ ಸಾಲು ಕೆಳಗೋ ಪಕ್ಕದಲ್ಲೋ ಬಿದ್ದು ದಂಡವಾಗುತ್ತದೆ. ದಪ್ಪ ಹೆಚ್ಚಾಗಿ ಯಂತ್ರ ನರಳಿದರೆ ಕೈಯಿಂದ ಚಕ್ರ ತಿರುಗಿಸಿ, ಪೆಡಲ್ ಒದೆಯಬೇಡಿ.

ಇಷ್ಟು ಮಡಿ ನನಗೆ ಸುಮ್ಮನೆ ಬಂದದ್ದಲ್ಲ. ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನನ್ನ ಮೊದಲ ಚೀಲ ಕೊಂಡ ಹೆಂಗಸು ಪಕ್ಕದಲ್ಲೇ ಕಾಯಿ ತುಂಬಿಸಿಕೊಂಡು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹಿಡಿ ಕಿತ್ತು, ಕಾಯಿಯೆಲ್ಲ ಬೀದಿಯ ಪಾಲಾಯಿತು. ದುಡ್ಡು ಹಿಂದಿರುಗಿಸಿ, ಜನರ ಕಾಲ ಸಂದಿಯಲ್ಲಿ ಕುಳಿತು ಅವನ್ನು ಆರಿಸಿಕೊಟ್ಟೆ. ಅಂದಿನಿಂದ ಯಾವ ಹೊಸ ಅಳತೆಯಾದರೂ ಮೊದಲ ಚೀಲಕ್ಕೆ ಎಂಟು ತೆಂಗಿನಕಾಯಿ ಹಾಕಿ ರಾತ್ರಿಯಿಡೀ ಬಾಗಿಲ ಅಗುಳಿಗೆ ತೂಗುಬಿಡುತ್ತೇನೆ. ಕತ್ತಲಲ್ಲಿ ಅದಕ್ಕೆ ಮಂಡಿ ತಗುಲಿಸಿಕೊಂಡು ಮನೆಯವರು ಗೊಣಗುತ್ತಾರೆ, ಗೊಣಗಲಿ; ಬೆಳಿಗ್ಗೆ ಒಂದೇ ಒಂದು ಎಳೆ ಜಗ್ಗಿದ್ದು ಕಂಡರೂ ಬಿಚ್ಚಿ ಮತ್ತೆ ಹೊಲಿಯುತ್ತೇನೆ.