ಲೋಳೆ ನೀರಿಗೆ ಒಂದೇ ಕಾಲಮ್: ನನ್ನ ಅನುಭವ

"ಅದು ಡಿಸ್ಟಿಲರಿಯವರ ಕಾಲಮ್ಮು ಮಾರಾಯ, ಕಾಫಿ ಲೋಳೆಗೆ ಹಾಕಿದ್ರೆ ಆರು ತಿಂಗಳೂ ಬರಲ್ಲ" ಅಂತ ಬೆಂಗಳೂರಿನ ಗೆಳೆಯ ಫೋನಲ್ಲಿ ನಕ್ಕಿದ್ದ. ಕಾಲಮ್ ಅಂದರೆ ದ್ರಾವಣದಲ್ಲಿರೋ ಸಕ್ಕರೆ, ಹುಳಿಗಳನ್ನ ಬೇರೆಬೇರೆ ಮಾಡೋ ಕೊಳವೆ; ಲೋಳೆ ಅಂದರೆ ಕಾಫಿ ಬೀಜದ ಸುತ್ತ ಇರೋ ಅಂಟು. ಆ ಕಾಲಮ್ ಈಗ ಎರಡು ಕೊಯ್ಲು ಮುಗಿಸಿದೆ. ಲಾಗ್ ಬುಕ್ ಪ್ರಕಾರ 1800 ಇಂಜೆಕ್ಷನ್ (ಒಂದೊಂದು ಸಲ ಸ್ಯಾಂಪಲ್ ಹಾಕೋದು) ಹತ್ತಿರ. ಹೋದ ತಿಂಗಳು ಅವನೇ ಆರು ಬಾಟಲಿ ಸ್ಯಾಂಪಲ್ ಕಳಿಸಿ "ನಿನ್ನದ್ರಲ್ಲಿ ಒಂದ್ಸಲ ಓಡ್ಸಿ ನೋಡೋ" ಅಂದ. ಅದಕ್ಕೇ ಇದನ್ನ ಬರೀತಿದ್ದೀನಿ.

ಚಿಕ್ಕಮಗಳೂರಲ್ಲಿ ನನ್ನದು ಎರಡು ಕೋಣೆಯ ಲ್ಯಾಬ್. ಮಣ್ಣು, ನೀರು, ಒಂದಿಷ್ಟು ಜೇನುತುಪ್ಪ, ಅಷ್ಟೇ ಇತ್ತು. ಆಮೇಲೆ ಆಲ್ದೂರು, ಕಳಸದ ಕಡೆ ತೋಟದವರು ಪಲ್ಪರ್‌ನಲ್ಲಿ ಹಣ್ಣಿನ ಸಿಪ್ಪೆ ತೆಗೆದಮೇಲೆ ಡ್ರಮ್ಮಲ್ಲಿ ಗಾಳಿಯಾಡದ ಹಾಗೆ ಹುಳಿ ಬರಿಸೋ ಪ್ರಯೋಗಕ್ಕೆ ಇಳಿದರು. ಪಿಎಚ್ ಒಂದೇ ಸಾಲಲ್ಲ, ಸಕ್ಕರೆ ಎಷ್ಟು ಉಳಿದಿದೆ, ಲ್ಯಾಕ್ಟಿಕ್ ಎಷ್ಟು, ಅಸಿಟಿಕ್ ಎಷ್ಟು, ಎಲ್ಲ ಬೇಕು ಅಂದರು. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಎಚ್‌ಪಿಎಲ್‌ಸಿ (ಸ್ಯಾಂಪಲನ್ನ ಪಂಪಿನ ಒತ್ತಡದಲ್ಲಿ ಕಾಲಮ್ ದಾಟಿಸೋ ಯಂತ್ರ) ಇತ್ತು, ಹೊರಬಂದದ್ದನ್ನ ಅಳೆಯೋಕೆ ಯುವಿ ಡಿಟೆಕ್ಟರ್ ಇತ್ತು, ಬೆಳಕಿನ ವಕ್ರೀಭವನ ಅಳೆಯೋ ಆರ್‌ಐ ಇತ್ತು. ಸರಿಯಾದ ಕಾಲಮ್ ಮಾತ್ರ ಇರಲಿಲ್ಲ.

ಮೊದಲು ಅಮಿನೋ ಕಾಲಮ್ ಹಾಕಿದೆ. ಜೇನಿಗೆ ಅದೇ ಓಡುತ್ತಿತ್ತು, ಅಸಿಟೋನೈಟ್ರೈಲ್ 75, ನೀರು 25. ಫ್ರಕ್ಟೋಸ್, ಗ್ಲೂಕೋಸ್, ಸುಕ್ರೋಸ್ ಸಾಲಾಗಿ ಚೊಕ್ಕವಾಗಿ ಬರ್ತಿದ್ದವು. ಲೋಳೆ ನೀರು ಹಾಕಿದ ಮೂರನೇ ದಿನ ಪ್ರೆಶರ್ ಏರಿತು. ಗಾರ್ಡ್ (ಕಾಲಮ್ ಮುಂದಿನ ಸಣ್ಣ ರಕ್ಷಣೆ ಕಾಲಮ್) ಬಿಚ್ಚಿ ನೋಡಿದರೆ ಫ್ರಿಟ್ ಅನ್ನೋ ಅದರ ಜರಡಿ ಮೇಲೆ ಲೋಳೆಸರ ಸೀಳಿದಾಗ ಬರುವಂಥ ಪಾರದರ್ಶಕ ಎಳೆ, ಚಿಮಟದಲ್ಲಿ ಹಿಡಿದೆಳೆದರೆ ಒಂದು ಬೆರಳುದ್ದ ಬಂತು. ಪೆಕ್ಟಿನ್, ಹಣ್ಣಿನ ರಸ ಜೆಲ್ಲಿ ಕಟ್ಟಿಸೋ ವಸ್ತು! ಅಸಿಟೋನೈಟ್ರೈಲ್ ಸೋಕಿದ್ದೇ ಅದು ಗಟ್ಟಿಯಾಗಿ ಕೂತಿದೆ. ನೀರಲ್ಲಿ ಕರಗಿ ಫಿಲ್ಟರ್ ದಾಟಿಬಂದದ್ದು ಕಾಲಮ್ ಬಾಯಲ್ಲಿ ಜೆಲ್ಲಿ ಆಗುತ್ತೆ ಅಂತ ನನಗೆ ಹೊಳೆದಿರಲೇ ಇಲ್ಲ. ಗಾರ್ಡ್ ಬದಲಿಸಿ ಇನ್ನೂರು ಇಂಜೆಕ್ಷನ್ ತಳ್ಳಿದೆ. ಅಷ್ಟರಲ್ಲಿ ಗ್ಲೂಕೋಸೂ ಫ್ರಕ್ಟೋಸೂ ಒಂದಕ್ಕೊಂದು ಒರಗಿಕೊಂಡವು. ರೆಡ್ಯೂಸಿಂಗ್ ಸಕ್ಕರೆ ಅಮಿನೋ ಗುಂಪನ್ನ ಕಟ್ಟಿಹಾಕುತ್ತೆ, ಮೇಲಿಂದ ಹುಳಿಯ ಹೊಡೆತ ಬೇರೆ. ನಲವತ್ತು ಸಾವಿರದ ಆಚೀಚೆ ಹೋಯಿತು. ಅಸಿಟೋನೈಟ್ರೈಲ್ ಲೆಕ್ಕ ನಾನು ಹಾಕಿಲ್ಲ, ಹಾಕಿದರೆ ಮನೆಯವಳಿಗೆ ತೋರಿಸಬೇಕಾಗುತ್ತೆ.

ಹುಳಿಗಳಿಗೆ ಅಂತ, ನೀರಿಗೆ ಒಗ್ಗದ ಪುಡಿ ತುಂಬಿದ ಸಿ18 ಕಾಲಮ್ ಬೇರೆ ತಂದೆ. ಪೂರ್ತಿ ಫಾಸ್ಫೇಟ್ ಬಫರ್, ಪಿಎಚ್ 2.5. ಒಂದು ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತಿತು. ಬೆಳಿಗ್ಗೆ ನೋಡಿದರೆ ಎಲ್ಲ ಪೀಕೂ (ಗ್ರಾಫಲ್ಲಿ ಒಂದೊಂದು ವಸ್ತುವಿನ ಗುಡ್ಡ) ಮುಂದಕ್ಕೆ ಬಂದು ಗುಂಪುಗೂಡಿ ಕೂತಿದ್ದವು. ಮಾಮೂಲಿ ಸಿ18 ನೂರಕ್ಕೆ ನೂರು ನೀರಲ್ಲಿ ಇದ್ದು ಒತ್ತಡ ಇಳಿದರೆ ರಂಧ್ರದಿಂದ ನೀರು ಆಚೆ ಬಂದುಬಿಡುತ್ತೆ, ಮೆಥನಾಲ್ ಕೊಟ್ಟು ಮತ್ತೆ ನೆನೆಸಬೇಕು. ಬರೀ ನೀರನ್ನೂ ತಡೆಯೋ ಅಕ್ವಾ ಜಾತಿಯದು ತಂದಮೇಲೆ ಆ ಕಾಟ ತಪ್ಪಿತು. ಆದರೆ ಅದರಲ್ಲಿ ಸಕ್ಕರೆ ನಿಲ್ಲಲ್ಲ. ಒಂದು ಬಾಟಲಿಗೆ ಎರಡು ಕಾಲಮ್, ಎರಡು ಓಟ. ಸ್ಯಾಂಪಲ್‌ಗೆ 900 ರೂಪಾಯಿ ತಗೊಂಡು ಇದನ್ನೆಲ್ಲ ಮಾಡೋಕಾಗುತ್ತಾ?

ಕ್ಯಾಲ್ಸಿಯಂ ಕಾಲಮ್ ಕಥೆ ಬೇಗ ಮುಗಿಸ್ತೀನಿ, ನೆನೆದರೆ ಹೊಟ್ಟೆ ಉರಿಯುತ್ತೆ. ಬರೀ ನೀರು, 80 ಡಿಗ್ರಿ, ಸುಕ್ರೋಸ್‌ನಿಂದ ಫ್ರಕ್ಟೋಸ್ ತನಕ ಸುಂದರ. ಡೆಮೋಗೆ ಒಂದೆರಡು ಸಲ ಓಡಿಸಿದ್ದು ಅಷ್ಟೇ ಅಂತ ಒಬ್ಬ ಡೀಲರ್ ಅರವತ್ತು ಸಾವಿರಕ್ಕೆ ಕೊಟ್ಟ. ಆ ಮಾತೂ ಅರ್ಧ ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಆದರೆ ಕೊಂದದ್ದು ಅವನಲ್ಲ, ನಾನೇ. ಹಿಂದಿನ ದಿನದ ಸಲ್ಫ್ಯೂರಿಕ್ ಆಸಿಡ್ ಇನ್ನೂ ಲೈನಲ್ಲಿತ್ತು, ತೊಳೆದು ಹೊರಹಾಕದೆ ಜೋಡಿಸಿದೆ. ಕ್ಯಾಲ್ಸಿಯಂ, ಸಲ್ಫೇಟ್, ಎರಡೂ ಸೇರಿದರೆ ಜಿಪ್ಸಮ್, ಮುಂದಿನದು ನೀವೇ ಊಹಿಸಿ.

ಕೊನೆಗೆ, ಗೆಳೆಯ ನಕ್ಕಿದ್ದ ಹೈಡ್ರೋಜನ್ ರೂಪದ ರೆಸಿನ್ ಕಾಲಮ್. ಅಳತೆ 300 ಗುಣಿಸು 7.8 ಮಿಲಿಮೀಟರ್. ಒಂದೂಕಾಲು ಲಕ್ಷ ಕೊಟ್ಟ ನೆನಪು. ಮೊಬೈಲ್ ಫೇಸ್ (ಕಾಲಮ್ಮಲ್ಲಿ ಹರಿಸೋ ದ್ರಾವಣ) 5 ಮಿಲಿಮೋಲಾರ್ ಸಲ್ಫ್ಯೂರಿಕ್, ಅಂದರೆ ಲೀಟರಿಗೆ 0.28 ಮಿಲಿಲೀಟರ್ ಆಸುಪಾಸು ಕಾನ್ಸಂಟ್ರೇಟೆಡ್ ಆಸಿಡ್. ನಿಮಿಷಕ್ಕೆ 0.6 ಮಿಲಿಲೀಟರ್. ಕೊನೆಗೆ ಬರೋ ಎಥನಾಲ್ ತನಕ ಕಾದರೂ ಒಂದು ಓಟಕ್ಕೆ 15 ಮಿಲಿಲೀಟರ್ ಹುಳಿ ನೀರು, ನಾಲ್ಕಾಣೆ ಖರ್ಚಿಲ್ಲ. ಯುವಿ ಮೊದಲು, 210 ನ್ಯಾನೋಮೀಟರಲ್ಲಿ. ಆರ್‌ಐ ಕೊನೆಗೆ, ಅದರ ಸೆಲ್ ಹಿಂದಿನಿಂದ ಒತ್ತಡ ತಡೆಯಲ್ಲ.

ಗೆಳೆಯ ಎತ್ತಿದ ತಕರಾರುಗಳು ಸುಳ್ಳೇನಲ್ಲ. ಮ್ಯಾಲಿಕ್ ಆಸಿಡ್ ಬಂದು ಫ್ರಕ್ಟೋಸ್ ಪೀಕಿನ ಕೆಳಗೆ ಕೂರುತ್ತೆ, ಎರಡೂ ಒಂಬತ್ತೂವರೆ ನಿಮಿಷ ದಾಟಿ ಒಟ್ಟಿಗೇ. ಸುಕ್ರೋಸ್ ಬಿಸಿ ಆಸಿಡ್ ಕಾಲಮ್ಮಲ್ಲೇ ಒಡೆಯುತ್ತೆ. ಕಾಫಿಯ ಕ್ಲೋರೋಜೆನಿಕ್ ಆಸಿಡ್ ರೆಸಿನ್‌ಗೆ ಅಂಟಿಕೊಂಡು ಕೂರುತ್ತೆ.

ಮ್ಯಾಲಿಕ್ ವಿಷಯಕ್ಕೆ ನಾನು ಮಾಡಿದ್ದು ಹೈಸ್ಕೂಲ್ ಲೆಕ್ಕ. ಆರ್‌ಐ ಪೀಕಲ್ಲಿ ಫ್ರಕ್ಟೋಸ್ ಜಾಸ್ತಿ, ಮ್ಯಾಲಿಕ್ ಕಮ್ಮಿ. ಯುವಿಯಲ್ಲಿ ಮ್ಯಾಲಿಕ್ ಜಾಸ್ತಿ, ಆದರೆ ಫ್ರಕ್ಟೋಸ್ ಗ್ರಾಂಗಟ್ಟಲೆ ಇದ್ದರೆ ಅದೂ ಸ್ವಲ್ಪ ತಲೆ ಎತ್ತುತ್ತೆ. ಎರಡರ ಸ್ಟ್ಯಾಂಡರ್ಡನ್ನೂ (ಪ್ರಮಾಣ ಗೊತ್ತಿರೋ ಶುದ್ಧ ದ್ರಾವಣ) ಬೇರೆಬೇರೆಯಾಗಿ ಎರಡೂ ಡಿಟೆಕ್ಟರಲ್ಲಿ ಓಡಿಸಿ ನಾಲ್ಕು ಸ್ಲೋಪ್ ತಗೊಂಡೆ. ಎರಡು ಸಮೀಕರಣ, ಎರಡು ಅಜ್ಞಾತ. ಎಕ್ಸೆಲ್‌ಗೆ ಹಾಕಿ ಬೆರಕೆ ಸ್ಟ್ಯಾಂಡರ್ಡ್ ಕೊಟ್ಟರೆ ನೂರಕ್ಕೆ ನಾಲ್ಕೈದರೊಳಗೆ ವಾಪಸ್ ಬಂತು. "ಪೀಕೇ ಬೇರೆಯಾಗಿಲ್ಲ, ಲೆಕ್ಕ ಹಾಕಿದ್ರೆ ಏನು ಬಂತು" ಅಂದವನಿಗೆ ಶೀಟ್ ಕಳಿಸಿದೆ. ಎರಡು ದಿನ ಮಾತಾಡಲಿಲ್ಲ. ಓವನ್ ಉಷ್ಣತೆ ಬದಲಿಸಿದರೆ ಹುಳಿಗಳು ಸರಿಯೋದೇ ಬೇರೆ, ಸಕ್ಕರೆಗಳು ಸರಿಯೋದೇ ಬೇರೆ. ನಾನು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೀನಿ ಅಂತ ಇಲ್ಲಿ ಹೇಳಲ್ಲ, ಕ್ಯಾಟಲಾಗಲ್ಲಿ ಇರೋದಲ್ಲ ಅಂತ ಮಾತ್ರ ಹೇಳ್ತೀನಿ.

ಸುಕ್ರೋಸ್‌ಗೆ ದಾರಿ ತೋರಿಸಿದ್ದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ನಮ್ಮ ಮಾವ. "ಅದು ಅರ್ಧಂಬರ್ಧ ಒಡೆಯುತ್ತೆ ಅಂತ ಯಾಕೆ ಅಳ್ತೀಯ, ನೀನೇ ಪೂರ್ತಿ ಒಡೆದು ಹಾಕು" ಅಂದರು. ಹಸಿ ಬೀಜದ ಕಷಾಯದ ಒಂದು ಪಾಲನ್ನ ಆಸಿಡ್ ಹಾಕಿ ಕಾಯಿಸಿ ಪೂರ್ತಿ ಇನ್ವರ್ಟ್ ಮಾಡೋದು (ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯೋದು), ಏರಿದ ಗ್ಲೂಕೋಸ್ ಫ್ರಕ್ಟೋಸ್ ಕೂಡಿಸಿ 0.95 ರಿಂದ ಗುಣಿಸೋದು. ಅವರ ಕಾಲದ ಟೈಟ್ರೇಶನ್ ಲೆಕ್ಕವೇ. ಒಡೆಯದ ಪಾಲನ್ನ ಮಾತ್ರ ಕಾಲಮ್ ತಣ್ಣಗಿಟ್ಟು ಓಡಿಸಬೇಕು, ಇಲ್ಲದಿದ್ದರೆ ಕಳೆಯೋ ಲೆಕ್ಕವೇ ತಪ್ಪುತ್ತೆ. ಟ್ಯಾಂಕ್ ನೀರಿಗೆ ಈ ತಾಪತ್ರಯ ಅಷ್ಟಿಲ್ಲ, ಈಸ್ಟ್‌ಗಳೇ ಸುಕ್ರೋಸನ್ನ ಮುಗಿಸಿರುತ್ತವೆ.

ಕ್ಲೋರೋಜೆನಿಕ್ಕನ್ನೂ ಕೆಫೀನನ್ನೂ ಮೊದಲೇ ಸೋಸಿ ತೆಗೆಯೋಕೆ ಸಿ18 ಕಾರ್ಟ್ರಿಡ್ಜ್. ಅವೆರಡೂ ಅಲ್ಲೇ ನಿಲ್ಲುತ್ತವೆ, ಸಕ್ಕರೆಯೂ ಸಣ್ಣ ಹುಳಿಗಳೂ ದಾಟುತ್ತವೆ. ಒಂದು ಕಾರ್ಟ್ರಿಡ್ಜನ್ನ ಎಷ್ಟು ಸಲ ಬಳಸ್ತೀನಿ ಅಂತ ಕೇಳಬೇಡಿ. ಪೆಕ್ಟಿನ್ ಹೇಗೆ ತೆಗೀತೀನಿ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೇಗೆ ತೆಗೀಬಾರದು ಅಂತ ಮಾತ್ರ ಹೇಳ್ತೀನಿ. ಪೆಕ್ಟಿನ್ ಒಡೆಯೋ ಕಿಣ್ವ, ಪೆಕ್ಟಿನೇಸ್ ಹಾಕಿದ್ದೆ. ಲೋಳೆ ಕರಗಿತು, ಫಿಲ್ಟರ್ ಸರಾಗವಾಯ್ತು, ಸಿಟ್ರಿಕ್ ಎರಡು ಪಟ್ಟಾಯ್ತು. ಖುಷಿಯಲ್ಲಿ ಆಲ್ದೂರಿನವರಿಗೆ ಫೋನ್ ಮಾಡಿ "ಗೌಡ್ರೇ, ನಿಮ್ಮ ಹಣ್ಣಲ್ಲಿ ನಿಂಬೆಹಣ್ಣಿನ ಹುಳಿ ಇದೆ" ಅಂದುಬಿಟ್ಟೆ. ಅವರು ಅದನ್ನ ಖರೀದಿದಾರರಿಗೂ ಹೇಳಿಯಾಗಿತ್ತು. ಪೆಕ್ಟಿನ್ ಒಡೆದು ಬಂದ ಗ್ಯಾಲಕ್ಚುರಾನಿಕ್ ಆಸಿಡ್ ಸಿಟ್ರಿಕ್ ಬೆನ್ನಿಗೇ ಬಂದು ಕೂಡಿಕೊಂಡಿತ್ತು! ವಾರದ ನಂತರ ತೋಟಕ್ಕೇ ಹೋಗಿ ತಪ್ಪೊಪ್ಪಿಕೊಂಡೆ. ಕಾಫಿ ಕೊಟ್ಟರು, ನಿಂಬೆಹಣ್ಣು ಹಿಂಡ್ಲಾ ಅಂತಲೂ ಕೇಳಿದರು.

ಆರ್‌ಐ ಸಾಕೋದು ಬೇರೆಯೇ ಕೆಲಸ. ಕಿಟಕಿ ತೆರೆದರೆ ಬೇಸ್‌ಲೈನ್ (ಗ್ರಾಫಿನ ಅಡಿಗೆರೆ) ಓಲಾಡುತ್ತೆ. ಮೀನು ಅಂಗಡಿಯ ಥರ್ಮಾಕೋಲ್ ಡಬ್ಬ ತಂದು ಕತ್ತರಿಸಿ ಮೇಲೆ ಮುಚ್ಚಿದೆ. ಎರಡು ತಿಂಗಳು ಲ್ಯಾಬೆಲ್ಲ ಬಂಗುಡೆ ವಾಸನೆ, ಬೇಸ್‌ಲೈನ್ ಮಾತ್ರ ಗೆರೆ ಎಳೆದ ಹಾಗೆ. ಕರೆಂಟ್ ಬಂದಕೂಡಲೇ ಪಂಪ್ ತಾನಾಗಿ 0.6ಕ್ಕೆ ಏರೋ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ತಣ್ಣಗಿನ ರೆಸಿನ್ ಮೇಲೆ ಆ ಒತ್ತಡ ಬಿದ್ದರೆ ಕುಗ್ಗಿ ಬಾಯಲ್ಲಿ ಗುಳಿ ಬೀಳುತ್ತೆ. ನಾನು 0.2 ರಲ್ಲಿ ಬಿಟ್ಟು, ಓವನ್ ಬಿಸಿಯಾದಮೇಲೆ ಏರಿಸ್ತೀನಿ.

ಇನ್ನೊಂದು ಮರೆತಿದ್ದೆ. ಕಳಸದಿಂದ ಬಸ್ಸಲ್ಲಿ ಬಂದ ಬಾಟಲಿಗಳು ದಾರಿಯಲ್ಲೇ ಹುಳಿ ಬರ್ತಾ ಇರ್ತವೆ. ಒಂದರ ಮುಚ್ಚಳ ಕಂಡಕ್ಟರ್ ಸೀಟಿನ ಕೆಳಗೆ ಡಬ್ ಅಂತ ಹಾರಿ, ಆಮೇಲೆ ಆ ಬಸ್ಸಿನವರು ನಮ್ಮ ಪಾರ್ಸೆಲ್ ಮುಟ್ಟಲಿಲ್ಲ. ಈಗ ತೋಟದಲ್ಲೇ ಕುದಿಯೋ ನೀರಲ್ಲಿ ಹತ್ತು ನಿಮಿಷ ಅದ್ದಿ, ತಣಿಸಿ ಕಳಿಸ್ತಾರೆ.

ಒಟ್ಟು ಖರ್ಚು ನಾಲ್ಕು ಲಕ್ಷ ದಾಟಿರಬೇಕು, ಹಾಳಾದ ಕಾಲಮ್‌ಗಳೂ ಸೇರಿ. ಈ ಕೊಯ್ಲಲ್ಲಿ 400 ಬಾಟಲಿ ಬಂದವು. ಪ್ರೆಶರ್ 600 ಪಿಎಸ್‌ಐ ಇದ್ದದ್ದು 900 ಆಗಿದೆ, ಮಳೆಗಾಲದಲ್ಲಿ ಒಮ್ಮೆ ತಿರುಗಿಸಿ ತೊಳೀಬೇಕು.

ಸದ್ಯಕ್ಕೆ ತಲೆ ತಿನ್ನುತ್ತಿರೋದು ಒಂದು ರೋಬಸ್ಟಾ ಟ್ಯಾಂಕು. ಅಸಿಟಿಕ್ 15ನೇ ನಿಮಿಷಕ್ಕೆ ಬಂತು, ಆಮೇಲೆ 17 ದಾಟಿ ಸಣ್ಣದೊಂದು ಗುಡ್ಡ. ತೋಟದ ರೈಟರು ಮೂಗು ಮುಚ್ಚಿಕೊಂಡು "ಈರುಳ್ಳಿ ವಾಸ್ನೆ ಸಾರ್" ಅಂದಿದ್ದ. ಪ್ರೊಪಿಯಾನಿಕ್ ಇರಬೇಕು ಅಂತ ನನ್ನ ಗುಮಾನಿ. ಸ್ಟ್ಯಾಂಡರ್ಡ್‌ಗೆ ಆರ್ಡರ್ ಹಾಕಿದ್ದೀನಿ, ಅಲ್ಲಿ ತನಕ ಬಾಟಲಿ ಮನೆ ಫ್ರೀಜರಲ್ಲಿ, ಬಟಾಣಿ ಪ್ಯಾಕೆಟ್ ಹಿಂದೆ.