ಎತ್ತರ ಕಡಿಮೆಯೇ? ಸೆಸ್ನಾ ಸೀಟನ್ನು ಹೀಗೆ ಹೊಂದಿಸಿಕೊಳ್ಳಿ

ನನ್ನ ಎತ್ತರ 4 ಅಡಿ 11 ಇಂಚು. ಬೆಂಗಳೂರಿನ ಜಕ್ಕೂರಿನಲ್ಲಿ ಸೆಸ್ನಾ ಎಂಬ ಸಣ್ಣ ವಿಮಾನ ಹಾರಿಸಲು ಕಲಿಸುತ್ತೇನೆ. ನನ್ನಷ್ಟೇ ಎತ್ತರದ ಮಕ್ಕಳು ಕಲಿಯಲು ಬಂದರೆ ಮೊದಲ ದಿನ ಸೀಟಿನ ಕೆಲಸ ಮುಗಿಯುವವರೆಗೆ ಎಂಜಿನ್ ಮುಟ್ಟಲು ಬಿಡುವುದಿಲ್ಲ. ಕತ್ತು ಚಾಚಿಕೊಂಡು ರನ್‌ವೇ ಹುಡುಕುವವರಿಗೆ ಇಳಿಸುವುದು ಕಲಿಯಲು ಆಗುವುದಿಲ್ಲ.

ಮೊದಲು ಕಣ್ಣು, ಆಮೇಲೆ ಕಾಲು. ಎಲ್ಲರೂ ಕೂತ ತಕ್ಷಣ ಸೀಟನ್ನು ಮುಂದಕ್ಕೆ ಎಳೆಯುತ್ತಾರೆ. ಆದರೆ ಮೇಲೆ ಏರಿದಷ್ಟೂ ಪೆಡಲ್ ಕಾಲಿಗೆ ದೂರವಾಗುತ್ತದೆ, ಅಲ್ವಾ? ಹಾಗಾಗಿ ಎತ್ತರ ಗೊತ್ತಾದ ಮೇಲೆಯೇ ಮುಂದೆ ಹಿಂದೆ ನೋಡಬೇಕು.

ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಡ್ಯಾಶ್‌ಬೋರ್ಡ್ ಮತ್ತು ಎಂಜಿನ್ ಮುಚ್ಚಳದ ಮೇಲಿಂದ ಮುಂದಿನ ನೆಲ ಆರಾಮಾಗಿ ಕಾಣಬೇಕು. ತುಂಬಾ ಮೇಲೆ ಹೋದರೂ ಕಷ್ಟ. ಡ್ಯಾಶ್‌ಬೋರ್ಡಿನ ಅಂಚು ಮೇಲಿನ ಸಾಲಿನ ಮೀಟರ್‌ಗಳನ್ನು ಮರೆ ಮಾಡುತ್ತದೆ. ಸೆಸ್ನಾದ ರೆಕ್ಕೆ ತಲೆಯ ಮೇಲೇ ಇರುವುದರಿಂದ ಪಕ್ಕಕ್ಕೆ ನೋಡಲು ತಲೆ ಬಗ್ಗಿಸಬೇಕಾಗುತ್ತದೆ. ಹಾಗಾದರೆ ಸ್ವಲ್ಪ ಇಳಿಯಿರಿ.

ದಿಂಬು ಕೊಳ್ಳುವ ಮೊದಲು ಸೀಟಿನ ಕೆಳಗೆ ಕೈ ಹಾಕಿ ನೋಡಿ. ಕೆಲವು ಸೆಸ್ನಾ 172 ವಿಮಾನಗಳಲ್ಲಿ ಎತ್ತರಿಸುವ ಹ್ಯಾಂಡಲ್ ಇರುತ್ತದೆ. ಡೈಮಂಡ್ ಡಿಎ40 ಎಂಬ ಇನ್ನೊಂದು ಸಣ್ಣ ವಿಮಾನದಲ್ಲಿ ಸೀಟು ಕದಲುವುದಿಲ್ಲ, ಪೆಡಲ್‌ಗಳೇ ಹತ್ತಿರ ಬರುತ್ತವೆ.

ದಿಂಬು ಬೇಕೇ ಬೇಕು ಅಂದರೆ ಜೆ.ಸಿ. ರಸ್ತೆಗೆ ಹೋಗಿ. ಕಾರ್ ಸೀಟ್ ಕವರ್ ಹೊಲಿಯುವವರ ಹತ್ತಿರ ರೀಬಾಂಡೆಡ್ ಫೋಮ್ ಕೇಳಿ. ಬಣ್ಣಬಣ್ಣದ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಹಾಳೆ ಅದು. ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಬೆರಳು ಒಳಗೆ ಹೂತುಹೋದರೆ ಬೇಡ ಅನ್ನಿ. ಮೆತ್ತನೆಯ ಸ್ಪಂಜು ಹಾರುತ್ತಾ ಹಾರುತ್ತಾ ಕುಸಿಯುತ್ತದೆ. ವಿಮಾನ ಜೋರಾಗಿ ನೆಲಕ್ಕೆ ಬಡಿದರೆ ಮೈ ಅದರಲ್ಲಿ ಕುಸಿಯುತ್ತದೆ, ಬೆಲ್ಟ್ ಸಡಿಲವಾಗುತ್ತದೆ, ಆಮೇಲೆ ಬೆನ್ನುಮೂಳೆಗೆ ಬೀಳುವ ಪೆಟ್ಟು ದೊಡ್ಡದು. ಇಲ್ಲಿ ಮೆತ್ತಗಿರುವುದು ಸುಖವಲ್ಲ.

ಒಂದೇ ದಪ್ಪ ತುಂಡಿನ ಬದಲು ಒಂದೊಂದು ಇಂಚಿನ ಎರಡು ತುಂಡು ಮಾಡಿಸಿ. ಹೊದಿಕೆಗೆ ದಪ್ಪ ಹತ್ತಿ ಕ್ಯಾನ್ವಾಸ್ ಇರಲಿ, ರೆಕ್ಸಿನ್ ಜಾರುತ್ತದೆ. ಮುಂದಿನ ಅಂಚು ಸೀಟಿಗಿಂತ ಎರಡು ಇಂಚು ಒಳಗೇ ನಿಲ್ಲಲಿ, ಇಲ್ಲದಿದ್ದರೆ ತೊಡೆಗೆ ಒತ್ತುತ್ತದೆ. ಬೆನ್ನಿಗೂ ಅಂಥದ್ದೇ ಒಂದು ಬೇಕಾಗಬಹುದು. ಎರಡಕ್ಕೂ ಪಟ್ಟಿ ಹೊಲಿಸಿ ಸೀಟಿಗೆ ಕಟ್ಟಿ. ಪೆಡಲ್ ಕೆಳಗೆ ಜಾರಿ ಸಿಕ್ಕಿಕೊಂಡರೆ ಅಪಾಯ.

ಈಗ ಬೆಲ್ಟ್ ಹಾಕಿ. ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಫಲಕ) ಪೆಡಲ್ ಕೊನೆಯವರೆಗೂ ಹೋಗುತ್ತದಾ ನೋಡಿ. ಸೆಸ್ನಾದಲ್ಲಿ ಪೆಡಲ್ ಮುಂದಿನ ಚಕ್ರಕ್ಕೂ ಜೋಡಿಸಿರುವುದರಿಂದ ನಿಂತಲ್ಲಿ ಬಿಗಿಯಾಗಿರುತ್ತದೆ. ಬಲವಂತ ಮಾಡಬೇಡಿ. ತಿಳಿದವರು ಇಬ್ಬರು ಬಾಲದ ಹತ್ತಿರ, ಒತ್ತಬೇಕಾದ ಜಾಗದಲ್ಲಿ ಒತ್ತಿ ಮೂತಿ ಎತ್ತಿ ಹಿಡಿದರೆ ಸಲೀಸಾಗಿ ಆಡುತ್ತದೆ. ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಪಾದದ ಮುಂಭಾಗಕ್ಕೆ ಪೆಡಲಿನ ಮೇಲ್ಭಾಗದ ಬ್ರೇಕೂ ಸಿಗಬೇಕು. ಅಡ್ಡಗಾಳಿಯಲ್ಲಿ ಇಳಿಯುವಾಗ ಆ ಕೊನೆಯ ಎರಡು ಇಂಚೇ ಬೇಕಾಗುವುದು. ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಪೂರ್ತಿ ಹಿಂದಕ್ಕೆಳೆದು ಎರಡೂ ಕಡೆ ತಿರುಗಿಸಿ. ತೊಡೆಗೋ ಹೊಟ್ಟೆಗೋ ತಾಗಿದರೆ ಒಂದು ತುಂಡು ತೆಗೆಯಿರಿ. ಯಾವ ಟ್ಯಾಂಕಿನ ಇಂಧನ ಬೇಕೆಂದು ಆರಿಸುವ, ಕಾಕ್‌ಪಿಟ್ ನೆಲದ ಮೇಲಿನ ಫ್ಯುಯಲ್ ಸೆಲೆಕ್ಟರ್‌ಗೂ ಕೈ ಎಟುಕಬೇಕು.

ಸೀಟಿನ ಬೀಗ ಮಾತ್ರ ಕೈಯಾರೆ ನೋಡಿ. ಮುಂದೆ ಹಿಂದೆ ಜೋರಾಗಿ ಅಲುಗಾಡಿಸಿ, ಪಿನ್ ಸೀಟಿನ ಹಳಿಯ ತೂತಿನಲ್ಲಿ ಕೂತಿರಲೇಬೇಕು. ಸೆಸ್ನಾ ಸೀಟಿನ ಹಳಿ ಸವೆದು ಸೀಟು ಜಾರುವ ತೊಂದರೆ ಹಳೆಯದು. ಹಳಿ ತಪಾಸಣೆಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2011ರಲ್ಲೂ ಆದೇಶ ಹೊರಡಿಸಿತು. ನೆಲ ಬಿಡುವಾಗ ಸೀಟು ಹಿಂದೆ ಜಾರಿದರೆ ಕೈ ಯೋಕನ್ನೂ ಎಳೆಯುತ್ತದೆ, ಮೂತಿ ಮೇಲೇಳುತ್ತದೆ. ನಮ್ಮಂಥವರ ಸೀಟು ತೀರಾ ಮುಂದಿರುತ್ತದೆ, ಜಾರುವ ದೂರವೂ ಜಾಸ್ತಿ.

ಎಲ್ಲಾ ಸರಿಯಾದ ಮೇಲೆ ಯಾವ ತೂತು, ಎಷ್ಟು ತುಂಡು ಅಂತ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಅದೇ ಇರಲಿ. ಕಣ್ಣಿನ ಎತ್ತರ ಒಂದು ಇಂಚು ಬದಲಾದರೂ ಇಳಿಯುವಾಗ ನೆಲ ಬೇರೆ ಥರ ಕಾಣುತ್ತದೆ.

ಇಷ್ಟಾದರೂ ಕಾಲು ಸಾಲದಿದ್ದರೆ ಪೆಡಲ್‌ಗೆ ಮರದ ತುಂಡು ಕಟ್ಟುವ ಯೋಚನೆ ಬೇಡ. ಕೆಲವು ಸೆಸ್ನಾಗಳಿಗೆ ಒಪ್ಪಿಗೆ ಪಡೆದ ಪೆಡಲ್ ಎಕ್ಸ್‌ಟೆನ್ಷನ್‌ಗಳು ಸಿಗುತ್ತವೆ. ನಿಮ್ಮ ವಿಮಾನಕ್ಕೆ ಹೊಂದುತ್ತದಾ ಎಂದು ಹ್ಯಾಂಗರಿನ ಎಂಜಿನಿಯರನ್ನು ಕೇಳಿ, ಅವರ ಕೈಯಿಂದಲೇ ಹಾಕಿಸಿ.